ಸೋರದ ಅಟೊಮೈಸರ್

ಥಂಡರ್ ಬೇ, ಒಂಟಾರಿಯೊ
೨೨ ಏಪ್ರಿಲ್ ೨೦೧೮, ಭಾನುವಾರ

ಪ್ರೀತಿಯ ತಮ್ಮ ತೌನೊ,

ಹಡಗು ಹತ್ತುವ ಮುಂಚೆ ನೀನು ಹಾಕಿದ ಕಾರ್ಡು ತಲುಪಿ ತಿಂಗಳಾಯಿತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಕೈಗೆ ಸಿಗರೇಟು ಬೇಕಾಗುತ್ತಿತ್ತು, ಅದಕ್ಕೇ ಕೂರುತ್ತಿರಲಿಲ್ಲ. ಈಗ ಕೂತಿದ್ದೇನೆ, ಸಿಗರೇಟಿಲ್ಲದೆ. ಡಿಟ್ರಾಯಿಟ್ ನದಿಯ ಅಂಚೆ ದೋಣಿಯವರು ಇದನ್ನು ಬಕೆಟ್ಟಿಗೆ ಹಾಕಿ ನಿನ್ನ ಹಡಗಿಗೆ ಏರಿಸುವ ಹೊತ್ತಿಗೆ ನೀನು ಅಡುಗೆಮನೆಯಲ್ಲಿ ಬಟಾಣಿ ಸೂಪು ಕಲಕುತ್ತಿರುತ್ತೀಯ. ಸೌಟು ಕೆಳಗಿಟ್ಟು ಓದು.

ನಾನು ಅಜ್ಜಿಯಾದೆ, ತಾನಿಸಳಿಗೆ ಹೆಣ್ಣು ಮಗುವಾಗಿದೆ. ಮೇ ತಿಂಗಳಲ್ಲಿ ಬರಬೇಕಾದವಳು ಫೆಬ್ರವರಿ ಹನ್ನೊಂದಕ್ಕೇ ಬಂದುಬಿಟ್ಟಳು. ಎರಡೂವರೆ ಪೌಂಡು ತೂಕ. ಹುಟ್ಟಿದ ದಿನವೇ ವಿಮಾನದಲ್ಲಿ ವಿನ್ನಿಪೆಗ್‌ಗೆ ಒಯ್ದರು. ತಾಯಿ ಮಗು ಇಬ್ಬರೂ ಇನ್ನೂ ಅಲ್ಲೇ ಇದ್ದಾರೆ, ಬರುವ ವಾರ ನಮ್ಮೂರಿನ ಆಸ್ಪತ್ರೆಗೆ ಕಳಿಸುತ್ತಾರಂತೆ. ಹೆಸರು ವಿಲ್ಮಾ. ನಮ್ಮ ಅಮ್ಮನ ಹೆಸರೇ. ಇಡುವ ಮುಂಚೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನೇನೋ. ಈಗ ಆ ಹೆಸರು ಬಿಟ್ಟರೆ ಬೇರೆ ಯಾವುದೂ ಆಗದು ಅನ್ನಿಸುತ್ತದೆ.

ಮಾರ್ಚ್ ಕೊನೆಯಲ್ಲಿ ತಾನಿಸ್ ಫೋನ್ ಮಾಡಿದಳು.

"ಅಮ್ಮಾ, ಒಂದು ಮಾತು ಹೇಳ್ತೀನಿ. ಮಧ್ಯೆ ಬಾಯಿ ಹಾಕ್ಬೇಡ."

"ಹೇಳು."

"ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಸಿಗರೇಟು ಸೇದೋರು ಯಾರೂ ಅವಳನ್ನ ಎತ್ಕೋಬಾರದು. ಬಟ್ಟೇಲಿ, ಕೂದಲಲ್ಲಿ ಇರೋ ಹೊಗೆನೂ ಆಗಲ್ಲ ಅಂದ್ರು ಡಾಕ್ಟರು. ನೀನು ತೊಂಬತ್ತು ದಿನ ಬಿಟ್ಟು ತೋರ್ಸು. ಆಮೇಲೆ ಬಂದು ಎತ್ಕೋ."

"ಬಿಡ್ತೀನಿ ಅಂತ ಮಾತು ಕೊಟ್ರೆ ಸಾಲದಾ?"

"ಬಿಡ್ತೀನಿ ಅನ್ನೋದನ್ನ ನಾನು ಎಂಟನೇ ಕ್ಲಾಸಿಂದ ಕೇಳ್ತಾ ಇದೀನಿ ಅಮ್ಮಾ."

ಫೋನ್ ಇಟ್ಟ ಮೇಲೆ ಎರಡು ಸಿಗರೇಟು ಸೇದಿದೆ. ಒಂದು ಸಿಟ್ಟಿಗೆ, ಇನ್ನೊಂದು ನಾಚಿಕೆಗೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ನಿನಗೆ ಗೊತ್ತು, ನಾನು ಪ್ರಯತ್ನ ಮಾಡದವಳೇನಲ್ಲ. ನಿಕೋಟಿನ್ ಗಮ್ ಜಗಿದು ಹಲ್ಲಿನ ಕಟ್ಟು ಕಿತ್ತುಬಂತು. ತೋಳಿಗೆ ಅಂಟಿಸುವ ಪಟ್ಟಿ ಹಾಕಿದರೆ ಗಂದೆ ಎದ್ದಿತು. ಹೊಗೆಯ ಬದಲು ಆವಿ ಬಿಡುವ, ಪೆನ್ನಿನಂತಿರುವ ವೇಪ್ ಒಂದನ್ನು ಎಳೆದರೆ ಬಲೂನಿನಿಂದ ಗಾಳಿ ಕುಡಿದ ಹಾಗಿತ್ತು. ಹಾಗಾಗಿ ಈ ಸಲ ಸಿಂಪ್ಸನ್ ಬೀದಿಯ ವೇಪ್ ಅಂಗಡಿಗೆ ಹೋದೆ. ಅಲ್ಲಿ ರಿಪೇರಿ ಮೇಜಿಗೆ ಕೂರುವವನು ರೋಡೆಲ್ ಅಂತ, ಐವತ್ತು ದಾಟಿದವನು, ಇಲೊಯಿಲೊ ಕಡೆಯ ಫಿಲಿಪಿನೊ. ಹಿಂದೆ ಸಮುದ್ರದ ಹಡಗುಗಳಲ್ಲಿ ಎಂಜಿನ್ ಕೋಣೆಯಲ್ಲಿದ್ದನಂತೆ. ಗೋಧಿ ತುಂಬಿಸಿಕೊಳ್ಳಲು ನಮ್ಮ ಬಂದರಿನ ಉಗ್ರಾಣದ ಕಟ್ಟೆಗೇ ಎಷ್ಟೋ ಸಲ ಬಂದಿದ್ದಾನೆ. ನಾನು ಮೂವತ್ತೊಂದು ವರ್ಷ ಅಲ್ಲಿ ಯಂತ್ರಗಳ ದುರಸ್ತಿ ನೋಡಿಕೊಂಡವಳು ಅಂದಾಗ ಎದ್ದು ಕುರ್ಚಿ ಕೊಟ್ಟ. ಅಲ್ಲಿಂದ ನನ್ನನ್ನು 'ಆತೆ' ಅನ್ನುತ್ತಾನೆ. ಅವರ ಭಾಷೆಯಲ್ಲಿ ಅಕ್ಕ ಅಂತ.

"ಆತೆ, ದಿನಕ್ಕೆ ಎಷ್ಟು ಸೇದ್ತಿದ್ರಿ?"

"ಮೂವತ್ತು. ಬೇಜಾರಾದ್ರೆ ನಲವತ್ತು."

"ಹಾಗಾದ್ರೆ ಪೆನ್ನು ಸಾಕಾಗಲ್ಲ. ನಿಮಗೆ ಕೈಗೂ ಕೆಲಸ ಬೇಕು. ಕೆಳಗಿಂದ ರಸ ಉಣಿಸೋದನ್ನ ಕೊಡ್ತೀನಿ."

ಇದು ಹೇಗಿದೆ ಅಂದರೆ, ಅಂಗೈಯಗಲದ ಒಂದು ಪೆಟ್ಟಿಗೆ. ಒಳಗೆ ಒಂದು ಬ್ಯಾಟರಿ, ಅದರ ಪಕ್ಕದಲ್ಲಿ ಮೆತ್ತನೆಯ ಒಂದು ಪುಟ್ಟ ಬಾಟಲಿ, ಅದರ ತುಂಬ ನಿಕೋಟಿನ್ ಬೆರೆಸಿದ ರಸ. ಪೆಟ್ಟಿಗೆಗೆ ಒಂದು ಕಿಂಡಿ ಇದೆ. ಕಿಂಡಿಯಲ್ಲಿ ಬೆರಳಿಟ್ಟು ಬಾಟಲಿ ಒತ್ತಿದರೆ ರಸ ಮೇಲಕ್ಕೇರುತ್ತದೆ. ಬೆರಳು ತೆಗೆದರೆ ಹೆಚ್ಚಾದ ರಸ ವಾಪಸು ಇಳಿಯುತ್ತದೆ. ಮೇಲೆ ಕೂರುವ ತಲೆಗೆ ಅಟೊಮೈಸರ್ ಅನ್ನುತ್ತಾರೆ. ಅದರೊಳಗಿನ ತಂತಿಯ ಸುರುಳಿಯನ್ನು ನಾವೇ ಸುತ್ತಿ, ನಾವೇ ಹತ್ತಿ ತುರುಕಬೇಕು. ತಂತಿ ಕಾಯುತ್ತದೆ, ಹತ್ತಿಯಲ್ಲಿನ ರಸ ಆವಿಯಾಗುತ್ತದೆ, ಅಷ್ಟೇ. ಪಂಪು, ಪೈಪು, ಒಲೆ. ನೋಡಿದ ಕೂಡಲೇ ನನಗೆ ಅರ್ಥವಾಯಿತು.

ರೋಡೆಲ್ ಮೂರು ತಲೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ಅಗಲವಾದದ್ದು, ಎರಡು ಸುರುಳಿಯದು. "ಇದು ಹುಡುಗರು ಆವಿಯ ಮೋಡ ಬಿಡೋಕೆ ತಗೊಳ್ಳೋದು. ರಸ ಕುಡಿಯುತ್ತೆ, ಬ್ಯಾಟರಿ ತಿನ್ನುತ್ತೆ. ನಿಮಗೆ ಬೇಡ." ಎರಡನೆಯದು ಹಿತ್ತಾಳೆಯದು, ಚಿಕ್ಕದು, ಹಳೆಯ ದೂರದರ್ಶಕದ ತುದಿಯ ಹಾಗೆ ಚೆಂದವಾಗಿತ್ತು. ಗಾಳಿಯ ತೂತು ಕೆಳಗಡೆ ಇತ್ತು. ಮೂರನೆಯದು ಬರೀ ಉಕ್ಕಿನದು. ರಸ ನಿಲ್ಲುವ ಬಟ್ಟಲು ಆಳವಾಗಿತ್ತು, ಗಾಳಿಯ ತೂತು ಮೇಲಕ್ಕಿತ್ತು. ನೋಡಲು ನಲ್ಲಿಯ ಬಿರಡೆಯಂತಿತ್ತು.

"ಇದನ್ನ ತಗೊಳ್ಳಿ ಆತೆ," ಅಂತ ಮೂರನೆಯದನ್ನು ಮುಂದೆ ತಳ್ಳಿದ. "ಹಿತ್ತಾಳೇದು ರುಚಿ ಚೆನ್ನಾಗಿ ಕೊಡುತ್ತೆ. ಆದ್ರೆ ತೂತು ತಗ್ಗಲ್ಲಿದೆ. ಒಂದು ಸಲ ಜಾಸ್ತಿ ಒತ್ತಿದ್ರೆ ಸೋರುತ್ತೆ."

"ನಾನು ಜಾಸ್ತಿ ಒತ್ತಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ."

ಹಿತ್ತಾಳೆಯದನ್ನೇ ತಂದೆ. ಎಳೆದರೆ ಸಿಗರೇಟಿನ ಹಾಗೇ ಬಿಗಿಯಾಗಿ ಬರುತ್ತಿತ್ತು, ಅದೂ ಒಂದು ಕಾರಣ. ತಂಬಾಕಿನ ರುಚಿಯ ರಸ ಹಾಕಿಸಿಕೊಂಡೆ. ಏಪ್ರಿಲ್ ಮೂರರಿಂದ ಸಿಗರೇಟು ಮುಟ್ಟಿಲ್ಲ. ಇವತ್ತಿಗೆ ಇಪ್ಪತ್ತು ದಿನ. ನಿನ್ನೆ ಮನೆಯ ಗೋಡೆಗಳನ್ನೆಲ್ಲ ಸೋಪು ನೀರಲ್ಲಿ ತೊಳೆದೆ. ಚಹಾದ ಬಣ್ಣದ ನೀರು ಮೊಣಕೈವರೆಗೆ ಇಳಿಯಿತು. ಇದನ್ನೆಲ್ಲ ನಾನು ಎದೆಯೊಳಗೆ ಇಟ್ಟುಕೊಂಡಿದ್ದೆನಾ ಅನ್ನಿಸಿತು.

ಇದೂ ಚಟವೇ ಅಂತ ನೀನು ಅನ್ನುತ್ತೀಯ. ಹೌದು, ಚಟವೇ. ಒಂದು ಮೆಟ್ಟಿಲು ಕೆಳಗೆ ಇಳಿದಿದ್ದೇನೆ, ಪೂರ್ತಿ ಇಳಿದಿದ್ದೇನೆ ಅಂತ ಹೇಳುತ್ತಿಲ್ಲ. ಉಳಿದದ್ದನ್ನೂ ಇಳಿಯುತ್ತೇನೆ.

ನಿನ್ನ ಮೊಣಕಾಲು ಹೇಗಿದೆ? ಬೂಟಿನೊಳಗೆ ಉಣ್ಣೆಯ ಕಾಲುಚೀಲ ಹಾಕು.

ನಿನ್ನ ಅಕ್ಕ,
ಸಿಲ್ವಿ


ಥಂಡರ್ ಬೇ
೧೭ ಜೂನ್ ೨೦೧೮, ಭಾನುವಾರ

ತೌನೊ,

ನಿನ್ನ ಪತ್ರ ಬಂತು. "ಅಕ್ಕಾ, ಸಿಗರೇಟು ಬಿಟ್ಟು ಉಗಿಬಂಡಿ ಆಗಿದೀಯ" ಅಂತ ಬರೆದಿದ್ದೀಯಲ್ಲ, ರೋಡೆಲ್‌ಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನೀನು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತ ಬರೆದದ್ದನ್ನು ಮಾತ್ರ ಅವನಿಗೆ ಓದಲಿಲ್ಲ. ಅದನ್ನು ನಾನು ಮೂರು ಸಲ ಓದಿಕೊಂಡೆ.

ಈ ಪತ್ರ ನಗುವಿನದಲ್ಲ. ಮೇ ಮೂವತ್ತರಂದು ಆದದ್ದನ್ನು ಹೇಳುತ್ತೇನೆ.

ಮಗುವನ್ನು ಏಪ್ರಿಲ್ ಕೊನೆಗೆ ಇಲ್ಲಿನ ಆಸ್ಪತ್ರೆಗೆ ತಂದರು. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ. ಅಂಗೈಯಷ್ಟು ಎದೆ, ಒಂದೊಂದು ಉಸಿರಿಗೂ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಮೇ ಮೂವತ್ತು ನನಗೆ ಐವತ್ತೆಂಟನೆಯ ದಿನ. ತಾನಿಸ್ ತಾನಾಗಿಯೇ ಹೇಳಿದ್ದಳು: "ಅಮ್ಮಾ, ಬುಧವಾರ ಬಾ. ಒಳಗೆ ಬಂದು ಅವಳ ಕಾಲು ಮುಟ್ಟು. ಎತ್ಕೊಳ್ಳೋದು ಆಮೇಲೆ." ನಾನು ತಲೆ ತೊಳೆದು, ಒಗೆದ ಕೋಟು ಹಾಕಿಕೊಂಡು ಹೋದೆ. ಪೆಟ್ಟಿಗೆ ಕೋಟಿನ ಜೇಬಿನಲ್ಲಿತ್ತು. ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಅದರ ಮೇಲೆಯೇ ಕೂತಿದ್ದೆ.

ಪಡಸಾಲೆಯಲ್ಲಿ ತಾನಿಸ್ ಹತ್ತಿರ ಬಂದವಳು ಅಲ್ಲೇ ನಿಂತಳು.

"ತಂಬಾಕು."

"ಏನು?"

"ನಿನ್ನ ಮೈಯಿಂದ ತಂಬಾಕಿನ ವಾಸನೆ ಬರ್ತಿದೆ."

ಜೇಬಿಗೆ ಕೈ ಹಾಕಿದೆ. ಒದ್ದೆ. ನಾನು ಕೂತ ಭಾರಕ್ಕೆ ಬಾಟಲಿ ಒತ್ತಿಕೊಂಡು, ಹಿತ್ತಾಳೆಯ ತಲೆಯ ತಗ್ಗಿನ ತೂತಿನಿಂದ ಅರ್ಧ ಬಾಟಲಿ ರಸ ಹೊರಗೆ ಹರಿದಿತ್ತು. ಕೋಟು, ಅಂಗಿ ಎಲ್ಲ ಒಂದೇ ವಾಸನೆ.

"ಇದು ರಸ, ತಾನಿಸ್. ಸೋರಿದೆ. ನಾನು ಸೇದಿಲ್ಲ."

"ಮೊದಲು ಬಟ್ಟೆ ಬೀರುವಿನ ವಾಸನೆ ಅಂತಿದ್ದೆ. ಆಮೇಲೆ ಪಕ್ಕದ ಮನೆಯವರ ಹೊಗೆ ಅಂತಿದ್ದೆ. ಈಗ ಸೋರಿದ್ದು."

"ಆಣೆ ಮಾಡ್ತೀನಿ."

"ಬೇಡ. ಆಣೇನೂ ಮಾಡಿದೀಯ ನೀನು." ಅವಳು ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಮನೆಗೆ ಹೋಗು ಅಮ್ಮಾ. ಇವತ್ತು ಅವಳ ಹತ್ತಿರ ಬರಬೇಡ."

ಆಸ್ಪತ್ರೆಯ ಆವರಣ ಮುಗಿಯುವಲ್ಲಿ ಒಂದು ಬೆಂಚಿದೆ. ಸೇದುವವರೆಲ್ಲ ಅಲ್ಲಿಗೇ ಬರುತ್ತಾರೆ. ಹೋಗಿ ಕೂತೆ. ರೋಗಿಯ ನಿಲುವಂಗಿ ತೊಟ್ಟ ಒಬ್ಬ ಮುದುಕ ನನ್ನ ಮುಖ ನೋಡಿ, ಏನೂ ಕೇಳದೆ ಪ್ಯಾಕೆಟ್ ಚಾಚಿದ. ಒಂದು ತೆಗೆದುಕೊಂಡೆ. ಬಾಯಿಗೂ ಇಟ್ಟೆ, ತೌನೊ. ಹೇಗಿದ್ದರೂ ಕಳ್ಳಿ ಅನ್ನಿಸಿಕೊಂಡಾಯಿತು, ಇನ್ನು ಕದ್ದರೇನು ಅಂತ ಅನ್ನಿಸಿತು. ಅವನು ಲೈಟರ್ ಹಚ್ಚಿ ಗಾಳಿಗೆ ಕೈ ಅಡ್ಡ ಹಿಡಿದ. ಅವನ ಬೆರಳುಗಳ ತುದಿ ಹಳದಿಯಾಗಿ, ಉಗುರು ದಪ್ಪಗಾಗಿದ್ದವು. ಸಿಗರೇಟನ್ನು ಅವನ ಕೈಗೇ ವಾಪಸು ಕೊಟ್ಟೆ. "ಯಾಕಮ್ಮಾ, ನಿನ್ನ ಬ್ರ್ಯಾಂಡ್ ಅಲ್ವಾ?" ಅಂದ. "ನಂದೇ," ಅಂದೆ. ಎದ್ದು ನೇರವಾಗಿ ಸಿಂಪ್ಸನ್ ಬೀದಿಗೆ ಬಂದೆ. ಬಸ್ಸಿಗೆ ಕಾಯಲಿಲ್ಲ, ನಡೆದೇ ಬಂದೆ. ಒಂದೂವರೆ ಗಂಟೆ ಹಿಡಿಯಿತು.

ರೋಡೆಲ್ ಕೋಟಿನ ಜೇಬು ನೋಡಿದ. ನಾನು ಹೇಳಿದ್ದೆನಲ್ಲ ಅಂತ ಅವನು ಅನ್ನಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಗೌರವ. "ಬಿಚ್ಚೋಣ," ಅಂದ ಅಷ್ಟೇ.

ಇಬ್ಬರೂ ಅದನ್ನು ಎಂಜಿನ್ ಬಿಚ್ಚುವ ಹಾಗೆ ಬಿಚ್ಚಿದೆವು. ಮೂರು ತಪ್ಪು ಸಿಕ್ಕವು. ಒಂದು ತಯಾರಿಸಿದವನದು, ಎರಡು ನನ್ನವು. ತಯಾರಿಸಿದವನು ಗಾಳಿಯ ತೂತನ್ನು ರಸದ ಮಟ್ಟಕ್ಕಿಂತ ಕೂದಲೆಳೆಯಷ್ಟೇ ಮೇಲೆ ಕೊರೆದಿದ್ದ. ನಾನು ಬಾಟಲಿಯನ್ನು ಕಂಠದವರೆಗೆ ತುಂಬಿಸುತ್ತಿದ್ದೆ. ಒಳಗೆ ಗಾಳಿಗೆ ಜಾಗವೇ ಇಲ್ಲದಿದ್ದರೆ ಹೆಚ್ಚಾದ ರಸ ವಾಪಸು ಎಲ್ಲಿಗೆ ಇಳಿಯಬೇಕು? ಇನ್ನೊಂದು, ತಲೆಯ ಬುಡದಲ್ಲಿ ನಡುವೆ ತೂತಿರುವ ತಿರುಪುಮೊಳೆ ಇದೆ, ರಸ ಏರುವುದೇ ಅದರೊಳಗಿಂದ. ಅದು ಅರ್ಧ ಸುತ್ತು ಸಡಿಲವಾಗಿತ್ತು. ಅದರ ರಬ್ಬರ್ ಬಳೆಯನ್ನು ಮೊದಲ ವಾರ ತೊಳೆಯುವಾಗ ತಿರುಚಿ ಕೂರಿಸಿ ಸೀಳಿದ್ದೆ. ಮೂವತ್ತೊಂದು ವರ್ಷ ಪಂಪುಗಳಿಗೆ ಬಳೆ ಹಾಕಿದವಳು ನಾನು. ನಾಚಿಕೆಯಾಯಿತು.

"ಹೊಸ ಬಳೆ ಹಾಕ್ಲಾ, ಹಿತ್ತಾಳೇದಕ್ಕೆ?" ಅಂತ ಕೇಳಿದ.

"ಅದು ಬೇಡ. ಆ ನಲ್ಲಿ ಬಿರಡೆ ಕೊಡು."

ಉಕ್ಕಿನ ತಲೆ ಹಾಕಿಸಿದೆ. ಬಾಟಲಿಯನ್ನೂ ಸ್ವಲ್ಪ ಗಟ್ಟಿಯದಕ್ಕೆ ಬದಲಾಯಿಸಿದೆ, ಮೈಭಾರಕ್ಕೆ ಒತ್ತಿಕೊಳ್ಳದಂಥದ್ದು. ಒಳಗಿನ ನಳಿಕೆಯ ತುದಿಯನ್ನು ರೋಡೆಲ್ ಓರೆಯಾಗಿ ಕತ್ತರಿಸಿದ, ತಳಕ್ಕೆ ಅಂಟಿ ಬಾಯಿ ಮುಚ್ಚಬಾರದು ಅಂತ. ತಂಬಾಕಿನ ರಸವನ್ನು ಅವನ ಮುಂದೆಯೇ ಚರಂಡಿಗೆ ಸುರಿಯಲು ಹೋದೆ. "ಚರಂಡಿಗೆ ಬೇಡ ಆತೆ, ವಿಷ," ಅಂತ ಕಿತ್ತುಕೊಂಡು ಡಬ್ಬಿಗೆ ಹಾಕಿದ. ಈಗ ಯಾವ ರುಚಿಯೂ ಇಲ್ಲದ, ವಾಸನೆಯೂ ಇಲ್ಲದ ರಸ ಹಾಕುತ್ತೇನೆ. ನಿಕೋಟಿನ್ ಅರ್ಧಕ್ಕೆ ಇಳಿಸಿದ್ದೇನೆ.

ಮರುದಿನ ತಾನಿಸಳಿಗೆ ಫೋನ್ ಮಾಡಿ ಹೇಳಿದೆ: "ನಾನು ಸೇದಿಲ್ಲ. ನೀನು ನಂಬಬೇಕು ಅಂತ ಕೇಳ್ತಿಲ್ಲ. ಇವತ್ತಿಂದ ಮತ್ತೆ ಒಂದು ಅಂತ ಎಣಿಸ್ತೀನಿ."

"ಐವತ್ತೆಂಟು ದಿನ ಬಿಟ್ಟುಕೊಡ್ತೀಯಾ?"

"ಬಿಟ್ಟುಕೊಡ್ತೀನಿ. ಮಗು ಚಿಕ್ಕದು, ನನಗೆ ಆತುರ ಇಲ್ಲ."

ಆತುರ ಇಲ್ಲ ಅಂದದ್ದು ಸುಳ್ಳು. ಉಳಿದದ್ದು ನಿಜ.

ಪ್ರತಿ ಗುರುವಾರ ಚಿಕಿತ್ಸಾಲಯಕ್ಕೆ ಹೋಗಿ ಒಂದು ಯಂತ್ರಕ್ಕೆ ಊದಿ ಬರುತ್ತೇನೆ. ಸಿಗರೇಟು ಸೇದಿದ್ದರೆ ಉಸಿರಿನಲ್ಲಿರುವ ಹೊಗೆಯ ವಿಷವನ್ನು ಅದು ತೋರಿಸುತ್ತದೆ. ಸೇದುವವರಿಗೆ ಇಪ್ಪತ್ತು, ಮೂವತ್ತು ಬರುತ್ತದಂತೆ. ನನಗೆ ಎರಡು ಬಂತು. ನರ್ಸು ಬರೆದುಕೊಟ್ಟ ಚೀಟಿಯನ್ನು ತಾನಿಸಳ ಮನೆಯ ಟಪಾಲು ಕಿಂಡಿಯಲ್ಲಿ ಹಾಕಿ ಬಂದೆ. ಬಾಗಿಲು ತಟ್ಟಲಿಲ್ಲ.

ನಿನ್ನ ಸಿಗರೇಟಿನ ಬದಲಿಗೆ ನಿನಗೂ ಒಂದು ಪೊಟ್ಟಣ ಕಳಿಸಿದ್ದೇನೆ. ಬೇಡ ಅನ್ನಬೇಡ, ಅಡುಗೆಮನೆಯಲ್ಲಿ ಕೂತು ಬಿಚ್ಚು. ನಿನ್ನದೂ ಉಕ್ಕಿನ ತಲೆಯೇ. ತಂತಿ ತಲೆಯ ಮುಚ್ಚಳಕ್ಕೆ ತಾಕಿದರೆ ತಾನೇ ಆರಿಹೋಗುವಂಥ ಪೆಟ್ಟಿಗೆ ಕೊಡು ಅಂತ ರೋಡೆಲ್‌ಗೆ ಹೇಳಿದ್ದೆ, ಕಾವಲಿಲ್ಲದ ಬರಿಯ ಪೆಟ್ಟಿಗೆ ನಿನ್ನಂಥವನ ಕೈಗೆ ಬೇಡ. ಬ್ಯಾಟರಿಯ ಮೇಲಿನ ತೆಳು ಹೊದಿಕೆ ಹರಿದರೆ ಅದನ್ನು ಬಳಸಬೇಡ. ಜೇಬಿನಲ್ಲಿ ಚಿಲ್ಲರೆಯ ಜೊತೆ ಹಾಕಿಕೊಳ್ಳಬೇಡ.

ನಿನ್ನ ಏದುಸಿರು ನನ್ನ ಕಿವಿಯಲ್ಲಿದೆ.

ಅಕ್ಕ,
ಸಿಲ್ವಿ


ಥಂಡರ್ ಬೇ
೯ ಸೆಪ್ಟೆಂಬರ್ ೨೦೧೮, ಭಾನುವಾರ

ಪ್ರೀತಿಯ ತೌನೊ,

ನೀನು ಆಗಸ್ಟಿನಲ್ಲಿ ಬರೆದದ್ದಕ್ಕೆ ಈಗ ಉತ್ತರ. ಕ್ಷಮಿಸು. ಈ ಸಲ ತಡವಾದದ್ದಕ್ಕೆ ಕಾರಣ ಒಳ್ಳೆಯದು. ಆದರೆ ಮೊದಲು ನಿನ್ನ ಕೆಲಸ ಮುಗಿಸೋಣ, ನೀನು ಪೆಟ್ಟಿಗೆಯನ್ನು ಸಮುದ್ರಕ್ಕೆ ಎಸೆಯುವ ಮುಂಚೆ. ಸರೋವರಕ್ಕೆ ಅನ್ನು, ಏನೋ ಒಂದು.

"ಹಳೇ ಚಾಪೆ ಸುಟ್ಟ ಹಾಗೆ ರುಚಿ, ಗಂಟಲು ಹರಿದುಹೋಯ್ತು, ಡ್ರಾಯರಿಗೆ ಎಸೆದು ಸಿಗರೇಟು ಹಚ್ಚಿದೆ" ಅಂತ ಬರೆದಿದ್ದೀಯ. ಅದು ಹತ್ತಿ ಒಣಗಿ ಸುಟ್ಟ ರುಚಿ. ಎಲ್ಲರಿಗೂ ಒಂದು ಸಲ ಆಗುತ್ತದೆ, ನನಗೆ ಮೂರು ಸಲ ಆಯಿತು. ನೀನು ಹತ್ತಿಯನ್ನು ಸಾಸೇಜಿಗೆ ಮಾಂಸ ತುಂಬುವ ಹಾಗೆ ಬಿಗಿಯಾಗಿ ತುರುಕಿರುತ್ತೀಯ. ಬಿಗಿ ಹೆಚ್ಚಾದರೆ ರಸ ಹತ್ತಿಯೊಳಗೆ ಹೋಗುವುದೇ ಇಲ್ಲ. ಹತ್ತಿ ಎಳೆದಾಗ ಸುರುಳಿ ಸ್ವಲ್ಪ ತಡೆಯಬೇಕು, ಆದರೆ ಸುರುಳಿಯೇ ಬಾಗಿ ಬರಬಾರದು. ಅಷ್ಟೇ ಅಳತೆ. ಎರಡೂ ತುದಿಗಳನ್ನು ತೆಳುವಾಗಿ ಬಾಚಿ, ಬಟ್ಟಲಿನ ತಳ ಮುಟ್ಟುವಷ್ಟು ಉದ್ದ ಬಿಡು. ರಸ ಬರುವ ತೂತಿನ ಬಾಯಿಗೆ ಮಾತ್ರ ಹತ್ತಿ ಒತ್ತಬೇಡ.

ತಂತಿ ಆರು ಸುತ್ತು ಸಾಕು. ಹತ್ತಿ ಹಾಕುವ ಮೊದಲು ಬರಿಯ ಸುರುಳಿಯನ್ನು ಒಂದೊಂದು ಕ್ಷಣ ಕಾಯಿಸಿ ನೋಡು. ಕೆಂಪು ನಡುವಿನಿಂದ ಶುರುವಾಗಿ ಅಂಚಿಗೆ ಹರಡಬೇಕು. ಒಂದೇ ಕಡೆ ಕೆಂಡವಾದರೆ ಗುಂಡಿಯಿಂದ ಬೆರಳು ತೆಗೆದು ಇಕ್ಕಳದಿಂದ ಮೆಲ್ಲಗೆ ಸರಿಮಾಡು. ಬೆರಳಲ್ಲಿ ಮುಟ್ಟಬೇಡ, ನಿನ್ನ ಗುಣ ನನಗೆ ಗೊತ್ತು. ಪೆಟ್ಟಿಗೆ ಉರಿಯದೆ ಸೊನ್ನೆ ತೋರಿಸಿತು ಅಂದೆಯಲ್ಲ, ಅದು ಹಾಳಾಗಿಲ್ಲ. ಸುರುಳಿಯ ತುದಿಯ ಮಿಕ್ಕ ತಂತಿ ಮುಚ್ಚಳಕ್ಕೆ ತಾಕುತ್ತಿದೆ. ಬುಡಮಟ್ಟ ಕತ್ತರಿಸು. ಕತ್ತರಿಸಿದ ತುಣುಕನ್ನು ಸೂಪಿಗೆ ಬೀಳಿಸಬೇಡ. ಎರಡು ಸಲ ಎಳೆದ ಮೇಲೆ ಒಂದು ಸಲ ಒತ್ತು, ಒತ್ತಿ ಕೈಬಿಟ್ಟು ಮೂರು ಎಣಿಸು, ಆಮೇಲೆ ಎಳೆ. ಇವತ್ತೇ ಡ್ರಾಯರಿನಿಂದ ತೆಗೆ. ಒಂದು ಸಿಗರೇಟು ಸೇದಿದ್ದಕ್ಕೆ ಎಲ್ಲ ಮುಗಿಯಿತು ಅಂತ ಕೂರುವವರ ವಂಶ ನಮ್ಮದಲ್ಲ. ಕಟ್ಟಿದ್ದು ಸರಿಯಾಗದಿದ್ದರೆ ಬಿಚ್ಚಿ ಕಟ್ಟು. ಮತ್ತೆ ಆಗದಿದ್ದರೆ ಮತ್ತೆ ಬಿಚ್ಚು.

ಈಗ ನನ್ನ ಸುದ್ದಿ.

ಎಣಿಕೆ ಆಗಸ್ಟ್ ಇಪ್ಪತ್ತೆಂಟಕ್ಕೆ ತೊಂಬತ್ತು ಮುಟ್ಟಿತು. ನಾನು ಫೋನ್ ಮಾಡಲಿಲ್ಲ. ಮಾಡಿದರೆ ಕೇಳಿದ ಹಾಗಾಗುತ್ತದೆ ಅಂತ ಸುಮ್ಮನೆ ಕೂತೆ. ಮಧ್ಯಾಹ್ನ ತಾನಿಸಳ ಗಂಡ ಕೋರಿ ಬಂದ. ಅವನದು ಮಾತು ಕಡಿಮೆ, ರೈಲ್ವೆ ಕೆಲಸದವನು.

"ನಾಳೆ ಹತ್ತಕ್ಕೆ ಬರಬೇಕಂತೆ," ಅಂದ.

"ಅವಳೇ ಹೇಳಿದ್ಲಾ?"

"ಅವಳೇ. ನಿಮ್ಮ ಚೀಟಿ ಬರೋ ಗುರುವಾರ ಅವಳು ಬಾಗಿಲ ಹತ್ತಿರಾನೇ ಓಡಾಡ್ತಿರ್ತಾಳೆ. ನಾನು ಹೇಳಿದೆ ಅಂತ ಹೇಳ್ಬೇಡಿ."

ಮರುದಿನ, ಬುಧವಾರ, ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟೆ. ಹೊಸ ಅಂಗಿ ಹಾಕಿಕೊಂಡೆ. ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡೆ. ಅವಳ ಮನೆಗೆ ಹೋದ ಮೇಲೆ ಅವಳು ಮೂರನೆಯ ಸಲ ತೊಳೆಸಿದಳು. ಆಮೇಲೆ ಹತ್ತಿರ ಬಂದು ನನ್ನ ಕೂದಲಿಗೆ ಮೂಗಿಟ್ಟಳು, ಕುತ್ತಿಗೆಗೆ, ತೋಳಿಗೆ. ನಾಯಿ ಹೊಸಬರನ್ನು ಮೂಸುವ ಹಾಗೆ. ನಾನು ಕದಲದೆ ನಿಂತಿದ್ದೆ.

"ಏನೂ ಇಲ್ಲ," ಅಂದಳು. ಅವಳಿಗೇ ಆಶ್ಚರ್ಯವಾದ ಹಾಗಿತ್ತು. "ಸೋಪಿನ ವಾಸನೆ ಅಷ್ಟೇ."

"ಇನ್ನೊಂದು ಮಾತು ಹೇಳಿಬಿಡ್ತೀನಿ," ಅಂದೆ. "ಆ ಪೆಟ್ಟಿಗೆ ಇನ್ನೂ ಇದೆ. ದಿನಾ ಎಳೀತೀನಿ. ಇಲ್ಲಿಗೆ ತರಲ್ಲ, ಬರೋ ಮುಂಚೆನೂ ಮುಟ್ಟಲ್ಲ. ಕ್ರಿಸ್‌ಮಸ್ ಹೊತ್ತಿಗೆ ರಸದಲ್ಲಿ ನಿಕೋಟಿನ್ ಸೊನ್ನೆ ಮಾಡ್ತೀನಿ. ಆಮೇಲೆ ಪೆಟ್ಟಿಗೇನೂ ರೋಡೆಲ್‌ಗೆ ಕೊಡ್ತೀನಿ."

"ಕೇಳದೆ ಇದ್ರೂ ಹೇಳ್ತಿದೀಯಲ್ಲ, ಯಾಕೆ?"

"ಇನ್ಮೇಲೆ ನೀನು ಮೂಸಿ ಕಂಡುಹಿಡಿಯೋದು ಬೇಡ ಅಂತ."

ಅವಳು ನಕ್ಕಳೋ ಇಲ್ಲವೋ, ಗೊತ್ತಾಗಲಿಲ್ಲ, ಒಳಗೆ ಹೋದಳು. ಬರುವಾಗ ಮಗು ಅವಳ ಭುಜದ ಮೇಲಿತ್ತು. ಮೂಗಿನ ಕೆಳಗೆ ಆಮ್ಲಜನಕದ ಸಣ್ಣ ನಳಿಕೆ, ಕೆನ್ನೆಗೆ ಪಟ್ಟಿ. "ಕೂತ್ಕೋ. ತಲೆ ಹಿಡ್ಕೋ. ನಳಿಕೆ ಎಳೀಬೇಡ," ಅಂದು ನನ್ನ ತೊಡೆಯ ಮೇಲೆ ಇಟ್ಟಳು.

ತೌನೊ, ಅವಳೀಗ ಹತ್ತು ಪೌಂಡು. ನೀನು ತೂಗುವ ಹಿಟ್ಟಿನ ಚೀಲದಷ್ಟು. ಆದರೆ ಹಿಟ್ಟಿನ ಚೀಲ ತಿರುಗಿ ನೋಡುವುದಿಲ್ಲ. ಅವಳು ನೋಡಿದಳು. ಹುಬ್ಬು ಗಂಟಿಕ್ಕಿ, ಯಾರಪ್ಪಾ ಇವಳು ಅನ್ನುವ ಹಾಗೆ. ಥೇಟ್ ಅಮ್ಮನ ಹುಬ್ಬು. ನನ್ನ ಬೆರಳು ಹಿಡಿದಳು, ಬಿಡಲಿಲ್ಲ. ಉಸಿರು ಎಣಿಸಿದೆ. ಒಂದೊಂದು ಉಸಿರಿನ ಕೊನೆಗೂ ಬಾಗಿಲ ಕೀಲು ಕಿರುಗುಟ್ಟುವಂಥ ಸಣ್ಣ ಸದ್ದು. ಚಳಿಗಾಲ ಕಳೆದರೆ ನಳಿಕೆ ತೆಗೆಯಬಹುದು ಅಂತ ಡಾಕ್ಟರು ಹೇಳಿದ್ದಾರಂತೆ. ನಲವತ್ತು ನಿಮಿಷ ಹಾಗೇ ಕೂತಿದ್ದೆ. ಸೊಂಟ ಹಿಡಿದುಕೊಂಡಿತು, ಅಲ್ಲಾಡಲಿಲ್ಲ.

ತಾನಿಸ್ ಕಾಫಿ ಮಾಡಿದಳು. ನಾನು ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಬೇಯಿಸಿಕೊಂಡು ಹೋಗಿದ್ದೆ. ಎರಡು ತುಂಡು ತಿಂದಳು. ಮುಂದಿನ ಗುರುವಾರವೂ ಬಾ ಅಂದಳು, ಚೀಟಿ ತರಬೇಡ, ನೀನೇ ಬಾ ಅಂದಳು. ಹೋದೆ. ಈಗ ಗುರುವಾರ ನನ್ನದು.

ರೋಡೆಲ್‌ಗೆ ಹೇಳಿದಾಗ ಅವನು ಮೇಜಿನ ಕೆಳಗಿನಿಂದ ಆ ಹಿತ್ತಾಳೆಯ ತಲೆಯನ್ನು ತೆಗೆದು ತೋರಿಸಿದ. ತೂತನ್ನು ಮುಚ್ಚಿ, ಮೇಲೆ ಹೊಸದು ಕೊರೆದಿದ್ದಾನೆ. "ಈಗ ಸೋರಲ್ಲ ಆತೆ, ಬೇಕಾ?" ಅಂದ. ಬೇಡ ಅಂದೆ. ನನಗೆ ನಲ್ಲಿ ಬಿರಡೆಯೇ ಸರಿಹೋಯಿತು.

ನವೆಂಬರಿನಲ್ಲಿ ನಿಮ್ಮ ಹಡಗು ಇಲ್ಲಿಗೆ ಗೋಧಿಗೆ ಬರುತ್ತದೆ ಅಂತ ಬರೆದಿದ್ದೀಯ. ಅಷ್ಟರೊಳಗೆ ಸಿಗರೇಟು ಬಿಟ್ಟಿದ್ದರೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ. ಬಿಡದಿದ್ದರೂ ಕಟ್ಟೆಯ ಮೇಲೆ ಬಂದು ನಿಲ್ಲುತ್ತೇನೆ, ಅಪ್ಪಿಕೊಳ್ಳುತ್ತೇನೆ, ಮಗುವಿನ ಹತ್ತಿರ ಮಾತ್ರ ಬಿಡುವುದಿಲ್ಲ. ನಿನ್ನ ಮೊಣಕಾಲು, ನಿನ್ನ ಎದೆ, ನಿನ್ನ ಕೈ ಎಲ್ಲ ಗಟ್ಟಿಯಾಗಿರಲಿ. ಸರೋವರ ನಿನ್ನ ಮೇಲೆ ಮುನಿಯದಿರಲಿ.

ನಿನ್ನನ್ನು ಹೊತ್ತು ಬೆಳೆಸಿದ ಅಕ್ಕ,
ಸಿಲ್ವಿ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಮೊದಲ ದಿನ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋದ ಮೇಲೆ ತಾನಿಸ್ ಕಿಟಕಿಯ ಹತ್ತಿರ ನಿಂತು ಕೇಳಿದಳು: "ಅಮ್ಮಾ, ಚಳಿಗಾಲದಲ್ಲಿ ನೀನು ನನ್ನನ್ನ ಶಾಲೆಗೆ ಬಿಡೋಕೆ ಕಾರಲ್ಲಿ ಕರ್ಕೊಂಡು ಹೋಗ್ತಿದ್ಯಲ್ಲ. ನಾನು ಹಿಂದಿನ ಸೀಟಲ್ಲಿ ಕೈಗವಸನ್ನ ಬಾಯಿಗೆ ಒತ್ಕೊಂಡು, ಉಣ್ಣೆಯೊಳಗಿಂದ ಉಸಿರಾಡ್ತಿದ್ದೆ. ಗೊತ್ತಿತ್ತಾ ನಿನಗೆ?" ಅವಳಿಗೆ ಆಗ ಏಳು ವರ್ಷ. ರಾತ್ರಿಯೆಲ್ಲ ಕೆಮ್ಮುತ್ತಿದ್ದಳು, ನೀನೇ ನೋಡಿದ್ದೀಯ. "ಉಗ್ರಾಣದಲ್ಲಿ ಗೋಧಿ ದೂಳು ಹೊತ್ಕೊಳ್ಳುತ್ತೆ ಅಂತ ನೀನು ಬೆಂಕಿಕಡ್ಡಿನ ಗೇಟಲ್ಲೇ ಕೊಟ್ಟು ಒಳಗೆ ಹೋಗ್ತಿದ್ದೆ. ಊಟದ ಗಂಟೆವರೆಗೂ ಸೇದದೆ ತಡ್ಕೊಳ್ತಿದ್ದೆ. ಶಾಲೆ ಇದ್ದದ್ದು ಬರೀ ಹನ್ನೆರಡು ನಿಮಿಷದ ದಾರಿ," ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಮಗುವಿಗೆ ಎಚ್ಚರವಾಗಬಾರದು ಅಂತ ಮೆಲ್ಲಗೆ ಹೇಳಿದಳು.

ಗೊತ್ತಿರಲಿಲ್ಲ, ಚಳಿಗೆ ಹಾಗೆ ಮಾಡ್ತೀಯ ಅಂದುಕೊಂಡಿದ್ದೆ, ಅಂತ ಹೇಳಿದೆ. ಅವಳು ತಲೆಯಾಡಿಸಿದಳು. ನಂಬಿದಳು, ತೌನೊ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮಾತು ನಂಬಿದಳು, ಅದೂ ಸುಳ್ಳನ್ನು. ಹಿಂದಿನದು ಕಾಣುವ ಕನ್ನಡಿಯಲ್ಲಿ ಅವಳ ಕೆಂಪು ಕೈಗವಸು ದಿನಾ ಕಾಣುತ್ತಿತ್ತು. ಯಾಕೆ ಅಂತಲೂ ಗೊತ್ತಿತ್ತು. ಕಿಟಕಿ ಇಳಿಸಿದರೆ ನನಗೆ ಚಳಿಯಾಗುತ್ತಿತ್ತು.

ಮೊನ್ನೆ ಗುರುವಾರ ಹೇಳಲು ಹೋಗಿ ಬಾಯಿ ಬರಲಿಲ್ಲ. ಬರುವ ಗುರುವಾರ ಹೇಳುತ್ತೇನೆ. ಮಗುವನ್ನು ಎತ್ತಿಕೊಳ್ಳುವ ಮುಂಚೆ, ಕೈ ತೊಳೆಯುವ ಮುಂಚೆ, ಬಾಗಿಲಲ್ಲೇ ನಿಂತು.